ಗೊಣಗುವ ಬಾಯಿ, ಗುದ್ದಲಿ ಹಿಡಿಯುವ ಕೈ

ಒಂದೇ ತೋಡು, ಅದರ ಎರಡು ದಡಗಳಲ್ಲಿ ಎರಡು ಅಡಿಕೆ ತೋಟಗಳು. ಎರಡಕ್ಕೂ ಸುರಿಯುವ ಮಳೆ ಒಂದೇ, ಮಣ್ಣು ಒಂದೇ, ಅಡಿಕೆ ಮಾರುವ ಪೇಟೆಯೂ ಒಂದೇ. ಶಿವರಾತ್ರಿ ಕಳೆದು ಬಾವಿಯ ತಳ ಕಾಣತೊಡಗಿದಾಗ ಒಂದು ತೋಟದ ಯಜಮಾನರು ಜಗಲಿಯಲ್ಲಿ ಕುಳಿತು ಮಳೆಯನ್ನು, ಸರಕಾರವನ್ನು, ನೆರೆಯವರನ್ನು, ಕಡೆಗೆ ಕಲಿಗಾಲವನ್ನು ಒಂದೊಂದಾಗಿ ಹಳಿಯುತ್ತಾರೆ. ಮತ್ತೊಂದು ತೋಟದವರು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ, ಎಷ್ಟು ಕೋಲು ನೀರು ಉಳಿದಿದೆಯೆಂದು ಅಳೆದು, ಯಾವ ಸಾಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕೆಂದು ಲೆಕ್ಕ ಹಾಕುತ್ತಾರೆ. ಇಂತಹ ಜೋಡಿಯಿಲ್ಲದ ಊರು ನಮ್ಮ ಕಡೆ ಇರಲಾರದು.

ಈ ವ್ಯತ್ಯಾಸಕ್ಕೆ ಕಾರಣವೇನು? 'ಅದು ಅವರವರ ಹುಟ್ಟುಗುಣ' ಎಂದು ಹೇಳಿ ಮುಗಿಸುವುದು ರೂಢಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಎಸೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ನೆಲ ನಿಜವಾಗಿಯೇ ಡೊಂಕಾಗಿರುವುದೂ ಉಂಟು. ಮಾತ್ರವಲ್ಲ, ತನ್ನ ತೋಟದಲ್ಲಿ ಚುರುಕಾಗಿರುವ ಮನುಷ್ಯನೇ ಊರ ದಾರಿಯ ವಿಷಯ ಬಂದಾಗ ಗೊಣಗಿ ಸುಮ್ಮನಾಗುವುದನ್ನು ನೋಡುತ್ತೇವೆ. ಹುಟ್ಟುಗುಣವೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಗೊಣಗುವುದು ಸೋಮಾರಿತನವೇ?

1967ರ ಸುಮಾರಿಗೆ ಅಮೇರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ನಾಯಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಪ್ರಯೋಗ ಕಠೋರವಾದುದೇ ಸರಿ. ಆದರೆ ಅದರಿಂದ ತಿಳಿದುಬಂದ ವಿಷಯ ದೊಡ್ಡದು. ಕೆಲವು ನಾಯಿಗಳಿಗೆ ವಿದ್ಯುತ್ತಿನ ಪೆಟ್ಟು ಕೊಟ್ಟರು. ಅದನ್ನು ನಿಲ್ಲಿಸುವ ಉಪಾಯ ಅವುಗಳಿಗೆ ಇರಲಿಲ್ಲ. ಇನ್ನು ಕೆಲವಕ್ಕೆ ಅಷ್ಟೇ ಪೆಟ್ಟು. ಆದರೆ ತಲೆಯಿಂದ ಒಂದು ಹಲಗೆಯನ್ನು ಒತ್ತಿದರೆ ಅದು ನಿಲ್ಲುತ್ತಿತ್ತು. ಆಮೇಲೆ ಎರಡೂ ಗುಂಪನ್ನು ತಗ್ಗಾದ ತಡೆಯಿರುವ ಪೆಟ್ಟಿಗೆಯಲ್ಲಿ ಬಿಟ್ಟರು. ತಡೆಯನ್ನು ಹಾರಿದರೆ ಪೆಟ್ಟು ತಪ್ಪುತ್ತಿತ್ತು. ಹಿಂದೆ ಪೆಟ್ಟನ್ನು ನಿಲ್ಲಿಸಿ ಗೊತ್ತಿದ್ದ ನಾಯಿಗಳು ಬೇಗನೆ ಹಾರಿದವು. ಏನು ಮಾಡಿದರೂ ನಿಲ್ಲದ ಪೆಟ್ಟು ತಿಂದಿದ್ದ ನಾಯಿಗಳಲ್ಲಿ ಹೆಚ್ಚಿನವು ಮಲಗಿ ಕುಂಯ್‌ಗುಟ್ಟಿದುವೇ ಹೊರತು ಏಳಲಿಲ್ಲ. ಹಾರಲು ಅವಕ್ಕೆ ಕಾಲಿತ್ತು, ಎದುರಿಗೆ ದಾರಿಯೂ ಇತ್ತು. ಹಾರಿ ಪ್ರಯೋಜನವಿದೆ ಎಂಬ ನಂಬಿಕೆ ಮಾತ್ರ ಇರಲಿಲ್ಲ.

ಮಲಗಿದ ನಾಯಿಗಳನ್ನು ಎಬ್ಬಿಸಿದ ಬಗೆ ಇನ್ನೂ ಗಮನಿಸತಕ್ಕದ್ದು. ಕರೆದರೆ ಅವು ಬರಲಿಲ್ಲ, ತಿಂಡಿ ತೋರಿಸಿದರೂ ಬರಲಿಲ್ಲ. ಕೊರಳ ಹಗ್ಗ ಹಿಡಿದು ತಡೆಯ ಆಚೆಗೆ ಮತ್ತೆ ಮತ್ತೆ ಎಳೆದು ದಾಟಿಸಿದ ಮೇಲೆ ತಾವಾಗಿಯೇ ಹಾರಲು ಕಲಿತವು. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ವಿದ್ವಾಂಸರು ಮೆದುಳಿನ ಬಗ್ಗೆ ಅಷ್ಟರಲ್ಲಿ ತಿಳಿದುಬಂದಿದ್ದ ಸಂಗತಿಗಳನ್ನು ಸೇರಿಸಿ ತಮ್ಮ ಮೊದಲಿನ ಅಭಿಪ್ರಾಯವನ್ನು ತಿದ್ದಿಕೊಂಡರು. ಕೈಚೆಲ್ಲುವುದನ್ನು ಯಾರೂ ಕಲಿಯಬೇಕಾಗಿಲ್ಲ. ಕಷ್ಟ ಬಹಳ ಕಾಲ ಬಿಡದೆ ಕಾಡಿದರೆ ಕೈಚೆಲ್ಲುವುದು ಜೀವದ ಸಹಜ ಸ್ವಭಾವ. ಕಲಿಯಬೇಕಾದುದು 'ನನ್ನಿಂದ ಇದು ಬದಲಾಗುತ್ತದೆ' ಎಂಬುದನ್ನು. ಇದು ಅವರ ಈಚಿನ ನಿರ್ಣಯ.

ಮನುಷ್ಯನು ನಾಯಿಯಲ್ಲ, ನಿಜ. ಆದರೂ ಹತ್ತು ಸಲ ಕಚೇರಿಗೆ ಅಲೆದು ಬರಿಗೈಯಲ್ಲಿ ಬಂದವರು ಹನ್ನೊಂದನೆಯ ಸಲ ಜಗಲಿಯಲ್ಲೇ ಕುಳಿತರೆ ಅದನ್ನು ಸೋಮಾರಿತನವೆನ್ನುವುದು ನ್ಯಾಯವಲ್ಲ. ಅವರಿಗೆ ಉಪದೇಶ ಮಾಡಿದರೂ ಫಲವಿಲ್ಲ. ಒಂದು ಸಣ್ಣ ಕೆಲಸವಾದರೂ ತಮ್ಮ ಕೈಯಿಂದ ನೆಟ್ಟಗಾದುದನ್ನು ಅವರು ಕಣ್ಣಾರೆ ಕಾಣಬೇಕು. ಅದಕ್ಕೆ ಮೊದಲು ಕಷ್ಟವನ್ನು ಕೈಗೆ ಹಿಡಿಯುವಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಬೇಕು. ರೈತನ ಪ್ರತಿಯೊಂದು ಕಷ್ಟದಲ್ಲಿಯೂ ಸಾಮಾನ್ಯವಾಗಿ ಮೂರು ಪಾಲುಗಳಿರುತ್ತವೆ: ನನ್ನ ಕೈಯ ಪಾಲು, ಹತ್ತು ಮನೆಗಳ ಪಾಲು, ಸರಕಾರದ ಪಾಲು. ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿದಾಗ ಅದು ಯಾರೂ ನುಂಗಲಾರದ ತುತ್ತಾಗುತ್ತದೆ. ಆಗ ಉಳಿಯುವುದು ಗೊಣಗಾಟ. ಬೇರೆ ಬೇರೆ ಮಾಡಿದಾಗ ಪ್ರತಿಯೊಂದಕ್ಕೂ ತಕ್ಕ ಉಪಾಯ ಕಾಣುತ್ತದೆ. ಮೂರಕ್ಕೂ ನಮ್ಮ ಗಡಿಯ ನೆಲದಲ್ಲಿಯೇ ಉದಾಹರಣೆಗಳಿವೆ.

ನನ್ನ ಕೈಯ ಪಾಲು

ಮಳೆಗಾಲದಲ್ಲಿ ಅಡಿಕೆಗೆ ಮಹಾಳಿ ಬಂದು ಎಳೆಕಾಯಿ ಉದುರಿದಾಗ 'ಹಾಳು ಮಳೆ' ಎನ್ನುತ್ತೇವೆ. ಮಳೆಯನ್ನು ನಿಲ್ಲಿಸಲು ಯಾರಿಂದಲೂ ಆಗದು. ಆದರೆ 'ಯಾರ ತಪ್ಪು?' ಎಂಬುದನ್ನು ಬಿಟ್ಟು 'ಕೊಳೆಯುವುದು ಏತರಿಂದ?' ಎಂದು ಕೇಳಿದವರಿಗೆ ಬೇರೆ ಉತ್ತರ ಸಿಕ್ಕಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ಕೊಳೆರೋಗವನ್ನು ಪರಿಶೀಲಿಸಿದರು. ಮಳೆಯೇ ರೋಗವಲ್ಲ, ಮಳೆಯ ತೇವದಲ್ಲಿ ಹಬ್ಬುವ ಒಂದು ಸೂಕ್ಷ್ಮಜೀವಿ ರೋಗದ ಮೂಲವೆಂದೂ, ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಗೊನೆಗಳಿಗೆ ಮೊದಲೇ ಲೇಪಿಸಿದರೆ ಅದು ತಡೆಯಲ್ಪಡುವುದೆಂದೂ ತೋರಿಸಿಕೊಟ್ಟರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ಮಳೆಗಾಲ ಬಲಿಯುವ ಮೊದಲೊಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ. ಮಳೆ ನಮ್ಮದಲ್ಲ, ಮದ್ದು ಬಿಡುವ ದಿನ ನಮ್ಮದು. 'ಯಾರ ತಪ್ಪು' ಎಂಬ ಪ್ರಶ್ನೆಯಿಂದ ಮದ್ದು ಹುಟ್ಟಲಿಲ್ಲ, 'ಏನು ಕಾರಣ' ಎಂಬುದರಿಂದ ಹುಟ್ಟಿತು.

ನೀರಿನ ವಿಷಯವೂ ಹಾಗೆಯೇ. ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. 3,000 ಎಂದೇ ಹಿಡಿದರೂ ಒಂದು ಎಕ್ರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 21 ಲಕ್ಷ ಲೀಟರು. ಆದರೆ ಮುರಕಲ್ಲಿನ ಗುಡ್ಡ ಕಡಿದಾದುದು, ಕಡಲು ಹತ್ತಿರ, ನೀರು ಓಡಿಹೋಗುತ್ತದೆ. ಈ ಕೊರತೆಗೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಗುಡ್ಡದ ಬದಿಯಿಂದ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತ ಹೋದರೆ, ಮುರಕಲ್ಲಿನ ಒಳಗೆ ಇಂಗಿ ನಿಂತ ಮಳೆನೀರು ಜಿನುಗಿ ಹೊರಗಿನ ಕೆರೆಗೆ ಬಂದು ಸೇರುತ್ತದೆ. ಅದಕ್ಕೆ ಪಂಪು ಬೇಡ, ಕರೆಂಟು ಬೇಡ.

ಗಡಿಗೆ ಹೊಂದಿಕೊಂಡಿರುವ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಪರರ ತೋಟಗಳಲ್ಲಿ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದ ಕೂಲಿಕಾರರು. 1970ರ ದಶಕದಲ್ಲಿ ಅವರಿಗೆ ಎರಡು ಎಕ್ರೆ ಬೋಳುಗುಡ್ಡ ಸಿಕ್ಕಿತು. ಅಲ್ಲಿ ನೀರಿನ ಸುಳಿವಿರಲಿಲ್ಲ. ಬಾವಿ ತೋಡಿಸಲು ಹಣವಿರಲಿಲ್ಲ. ಹಗಲೆಲ್ಲ ಕೂಲಿ ಮಾಡಿ, ಸಂಜೆಯ ಮೇಲೆ ದೀಪ ಹಚ್ಚಿಕೊಂಡು ಒಬ್ಬರೇ ಸುರಂಗ ಕೊರೆದರು. ಒಂದರ ಮೇಲೊಂದಾಗಿ ಸುರಂಗಗಳು ಒಣಗಿಯೇ ಉಳಿದವು, ವರ್ಷಗಳು ಕಳೆದವು, ನೋಡಿದವರು ನಕ್ಕರು. ಕೊನೆಗೆ ನೀರು ಬಂತು. ಬೋಳುಗುಡ್ಡ ಅಡಿಕೆ, ತೆಂಗು, ಬಾಳೆಗಳ ತೋಟವಾಯಿತು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಈ ಕಥೆಯನ್ನು 'ಛಲವಿದ್ದರೆ ಸಾಕು' ಎಂಬ ನೀತಿಯಿಂದ ಮುಗಿಸುವವರು ಬಹಳ. ಛಲ ದೊಡ್ಡದೇ. ಆದರೆ ಎಲ್ಲ ಸುರಂಗದಲ್ಲಿಯೂ ನೀರು ಬಾರದು. ಛಲವಿದ್ದೂ ಸೋತವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಇಲ್ಲಿ ಇನ್ನೆರಡು ಸಂಗತಿಗಳನ್ನು ಕಾಣಬೇಕು. ಮೊದಲನೆಯದು, ಕೆಲಸ ಅವರ ಕೈಗೆ ತಕ್ಕದ್ದಾಗಿತ್ತು: ಹಣ ಬೇಡ, ಅಪ್ಪಣೆ ಬೇಡ, ಪಿಕ್ಕಾಸು ಮತ್ತು ಸಂಜೆಯ ಹೊತ್ತು ಸಾಕು. ಎರಡನೆಯದು, ನೆಲ ಅವರದಾಗಿತ್ತು. ಕೂಲಿಕಾರರಾಗಿ ಅಷ್ಟು ವರ್ಷ ದುಡಿದಾಗಲೂ ಆ ತೋಳಬಲ ಅವರಲ್ಲಿತ್ತು; ಆದರೆ ಪರರ ಗುಡ್ಡದಲ್ಲಿ ಯಾರೂ ತಮ್ಮ ರಾತ್ರಿಗಳನ್ನು ಕಳೆದು ಸುರಂಗ ಕೊರೆಯುವುದಿಲ್ಲ. ಫಲ ತನಗೆ ಸೇರುವುದೆಂಬ ಭರವಸೆ ಇಲ್ಲದವನು ಕೆಲಸಕ್ಕೆ ಕೈ ಹಾಕದಿದ್ದರೆ ಅದು ಅವನ ಗುಣದ ದೋಷವಲ್ಲ. ಗೇಣಿಯವರನ್ನೂ ಕೂಲಿಯವರನ್ನೂ 'ಬರೇ ದೂರುವವರು' ಎಂದು ಹಳಿಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹತ್ತು ಮನೆಗಳ ಪಾಲು

ಸುರಂಗ ಒಬ್ಬನ ಕೆಲಸ. ಕಟ್ಟ ಒಬ್ಬನ ಕೆಲಸವಲ್ಲ. ಮಳೆಗಾಲ ತೀರಿ ತೋಡಿನ ಹರಿವು ಇಳಿದ ಮೇಲೆ, ಸಾಧಾರಣವಾಗಿ ನವೆಂಬರ-ದಶಂಬರದಲ್ಲಿ, ಕಲ್ಲು, ಮಣ್ಣು, ಮರ, ಸೊಪ್ಪುಗಳಿಂದ ತೋಡಿಗೆ ಅಡ್ಡವಾಗಿ ತಾತ್ಕಾಲಿಕ ಒಡ್ಡು ಹಾಕುವುದೇ ಕಟ್ಟ. ಹಿಂದಕ್ಕೆ ನಿಂತ ನೀರು ಎರಡೂ ದಡಗಳಿಗೆ ಇಂಗಿ ತೋಟದ ತೇವವನ್ನೂ ಬಾವಿಯ ನೀರನ್ನೂ ಬೇಸಗೆಗೆ ಕಾದಿಡುತ್ತದೆ. ಒಂದು ಕಟ್ಟದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ಹೀಗೆ ಸಾಲಾಗಿ ಇದ್ದರೆ ಮೇಲಿನದರಿಂದ ಜಿನುಗಿದುದನ್ನು ಕೆಳಗಿನದು ಹಿಡಿಯುವುದರಿಂದ ಫಲ ಹೆಚ್ಚು. ಕುಂಬ್ಡಾಜೆ ಪಂಚಾಯತಿನ ಏತಡ್ಕ ಇಂತಹ ಕಟ್ಟಗಳಿಗೆ ಹೆಸರಾದ ಊರು.

ಕೊಳವೆ ಬಾವಿಯೂ ಪಂಪೂ ಬಂದ ಮೇಲೆ ಅನೇಕ ತೋಡುಗಳಲ್ಲಿ ಕಟ್ಟಗಳು ನಿಂತುಹೋದವು. ಜನ ಕೆಟ್ಟುದರಿಂದಲ್ಲ, ಲೆಕ್ಕ ಬದಲಾದುದರಿಂದ. ಹಣವಿದ್ದವನಿಗೆ ನೆರೆಯವನ ಹಂಗಿಲ್ಲದೆ ನೀರು ಸಿಕ್ಕಿತು. ಅವನು ಕಟ್ಟದ ಕೆಲಸಕ್ಕೆ ಬಾರದಾದನು. ಅವನು ಬಾರದಿದ್ದಾಗ ಉಳಿದವರ ಹೊರೆ ಹೆಚ್ಚಿತು. ಅವರಲ್ಲಿಯೂ ಇಬ್ಬರು ಹಿಂದೆ ಸರಿದರು. ಕಟ್ಟದ ನೀರು ಮಣ್ಣು ಹೊತ್ತವನ ಬಾವಿಗೂ ಹೊರದವನ ಬಾವಿಗೂ ಸಮವಾಗಿಯೇ ಇಂಗುತ್ತದೆಯಷ್ಟೆ! 'ನಾನೊಬ್ಬನೇ ಏಕೆ ಬೆನ್ನು ಮುರಿದುಕೊಳ್ಳಲಿ?' ಎಂಬ ಪ್ರಶ್ನೆ ಪ್ರತಿಯೊಬ್ಬರ ಮನಸ್ಸಿನಲ್ಲಿ ಹುಟ್ಟುತ್ತದೆ, ಎಲ್ಲರೂ ಕಾಯುತ್ತಾರೆ, ತೋಡಿನ ನೀರು ಮಾತ್ರ ಕಾಯದೆ ಕಡಲಿಗೆ ಹೋಗುತ್ತದೆ. ಸ್ವಂತ ತೋಟದಲ್ಲಿ ಚುರುಕಾದವರು ಊರ ಕೆಲಸದಲ್ಲಿ ಗೊಣಗುವುದರ ಗುಟ್ಟು ಇದೇ.

ಇದನ್ನು ಬಿಡಿಸುವ ದಾರಿಯನ್ನು ಎಲಿನಾರ್ ಆಸ್ಟ್ರಮ್ ಎಂಬ ಅಮೇರಿಕದ ವಿದುಷಿ ಜೀವಮಾನವೆಲ್ಲ ಹುಡುಕಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಹಲವು ದೇಶಗಳ ಹುಲ್ಲುಗಾವಲು, ಕಾಡು, ಮೀನುಗಾರಿಕೆ, ನೀರಾವರಿಗಳನ್ನು ಅವರು ಪರಿಶೀಲಿಸಿದರು. ಎಲ್ಲರಿಗೂ ಸೇರಿದ ಸೊತ್ತು ಹಾಳಾಗಲೇಬೇಕೆಂಬ ನಿಯಮವಿಲ್ಲ. ಯಾರು ಬಳಸುತ್ತಾರೋ ಅವರೇ ಕೂಡಿ ಕಟ್ಟಳೆ ಮಾಡಿಕೊಂಡಲ್ಲಿ, ಕಟ್ಟಳೆ ಪಾಲಿಸುತ್ತಾರೋ ಎಂದು ತಮ್ಮೊಳಗೇ ನೋಡಿಕೊಂಡಲ್ಲಿ, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡದು ಎಂಬ ಕ್ರಮವಿಟ್ಟಲ್ಲಿ, ಜಗಳ ತೀರಿಸಲು ಹತ್ತಿರದಲ್ಲೇ ಜಾಗವಿದ್ದಲ್ಲಿ ಅಂತಹ ಸೊತ್ತು ತಲೆಮಾರುಗಟ್ಟಲೆ ಬಾಳಿದೆ. ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳು ಸರಕಾರ ಕಟ್ಟಿ ನಡೆಸಿದ ಎಷ್ಟೋ ಕಾಲುವೆಗಳಿಗಿಂತ ಚೆನ್ನಾಗಿ ನೀರು ಮುಟ್ಟಿಸುತ್ತಿದ್ದುದನ್ನು ಅವರೂ ಅವರ ಸಂಗಡಿಗರೂ ಕಂಡರು.

ಕಟ್ಟಕ್ಕೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ತೋಟದ ವಿಸ್ತಾರಕ್ಕೆ ತಕ್ಕಂತೆ ಆಳು ಅಥವಾ ಹಣ. ಕೆಲಸದ ದಿನ ಮೊದಲೇ ನಿಗದಿ. ಬಂದವರ, ಬಾರದವರ ಹೆಸರು ಎಲ್ಲರಿಗೂ ಕಾಣುವ ಒಂದು ಪುಸ್ತಕದಲ್ಲಿ. ಪುಸ್ತಕವಿಲ್ಲದ ಕಡೆ ಪ್ರತಿಯೊಬ್ಬನೂ ತಾನೇ ಹೆಚ್ಚು ದುಡಿದೆನೆಂದು ತಿಳಿಯುತ್ತಾನೆ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ಸತ್ಯ. ಆದರೆ ಆ ಹತ್ತು ಕಡ್ಡಿಗಳನ್ನು ಎಣಿಸಿಡಬೇಕು.

ಸರಕಾರದ ಪಾಲು

ಇನ್ನು ಮೂರನೆಯದು. ಕೆಲವು ಕಷ್ಟಗಳು ಗುದ್ದಲಿಯಿಂದ ತೀರುವುವಲ್ಲ. ಅಲ್ಲಿ ದೂರುವುದೇ ಕೆಲಸ. ಇದನ್ನು ನಮ್ಮ ಜಿಲ್ಲೆಗಿಂತ ಹೆಚ್ಚು ಬೆಲೆ ತೆತ್ತು ಕಲಿತವರು ಯಾರೂ ಇರಲಾರರು.

ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಮದ್ದು ಗೇರಿನ ಮೇಲೆ ಮಾತ್ರ ಬೀಳಲಿಲ್ಲ; ತೋಡು, ಸುರಂಗ, ಬಾವಿ, ಅಂಗಳಗಳ ಮೇಲೆಯೂ ಬಿತ್ತು. ಆಕಾಶದಿಂದ ಬೀಳುವ ವಿಷಕ್ಕೆ ರೈತನು ತನ್ನ ತೋಟದಲ್ಲಿ ಏನು ಮಾಡಿಯಾನು? ಊರಲ್ಲಿ ಹುಟ್ಟಿದ ಕರುಗಳ ಕಾಲು ಸೊಟ್ಟಗಿರುವುದನ್ನು ಗಮನಿಸಿ ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲಿಯೇ ಬರೆದರು. ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ವಿಚಿತ್ರ ವ್ಯಾಧಿಗಳು ಹೆಚ್ಚುತ್ತಿರುವುದನ್ನು ಕಂಡು, ಯಾವ ಮನೆಯಲ್ಲಿ ಯಾರಿಗೆ ಏನೆಂದು ಬರೆದಿಟ್ಟುಕೊಂಡು, 1990ರ ದಶಕದಲ್ಲಿ ವೈದ್ಯರ ಪತ್ರಿಕೆಗೆ ತಿಳಿಸಿದರು. ಕೃಷಿ ಇಲಾಖೆಯಲ್ಲಿಯೇ ಉದ್ಯೋಗದಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಲೇರಿ ಹೆಲಿಕಾಪ್ಟರ್ ಸಿಂಪಡಣೆಯ ವಿರುದ್ಧ ತಡೆಯಾಜ್ಞೆ ಪಡೆದರು. 2011ರ ಎಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ಮೇ 13ರಂದು ಭಾರತದ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು.

1979ರಿಂದ 2011ಕ್ಕೆ 32 ವರ್ಷ. ಅಷ್ಟು ಕಾಲದಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಯಾವ ಆಜ್ಞೆಯೂ ಎಬ್ಬಿಸಲಿಲ್ಲ. ಆ ಮಕ್ಕಳ ತಾಯಂದಿರಿಗೆ 'ಗೊಣಗಬೇಡಿ, ದುಡಿಯಿರಿ' ಎಂದು ಯಾರಾದರೂ ಹೇಳಿದ್ದರೆ ಅದು ಅಪರಾಧವಾಗುತ್ತಿತ್ತು. ಆದರೆ ಇನ್ನೊಂದು ಮಾತೂ ನಿಜ. ಊರೆಲ್ಲ ನಿಟ್ಟುಸಿರು ಬಿಟ್ಟ ಮಾತ್ರಕ್ಕೆ ಹೆಲಿಕಾಪ್ಟರ್ ನಿಲ್ಲಲಿಲ್ಲ. ನಿಟ್ಟುಸಿರನ್ನು ಒಬ್ಬರು ಲೇಖನ ಮಾಡಿದರು, ಒಬ್ಬರು ರೋಗಿಗಳ ಪಟ್ಟಿ ಮಾಡಿದರು, ಒಬ್ಬರು ದಾವೆ ಮಾಡಿದರು. ಅಲ್ಲಿಗೆ ಅದು ಗೊಣಗಾಟವಾಗಿ ಉಳಿಯದೆ ದೂರಾಯಿತು.

ಗೊಣಗಾಟಕ್ಕೂ ದೂರಿಗೂ ಇರುವ ವ್ಯತ್ಯಾಸ ಇಷ್ಟೆ: ಗೊಣಗಾಟ ಕೇಳುವವನಿಗೆ ಏನೂ ಮಾಡುವ ಅಧಿಕಾರವಿಲ್ಲ, ದೂರು ಅಧಿಕಾರವಿದ್ದವನ ಮೇಜಿಗೆ ಹೋಗುತ್ತದೆ. ಗೊಣಗಾಟದಲ್ಲಿ 'ಯಾವಾಗಲೂ', 'ಎಲ್ಲರೂ', 'ಏನೂ ಇಲ್ಲ' ಎಂಬ ಮಾತುಗಳಿರುತ್ತವೆ. ದೂರಿನಲ್ಲಿ ತಾರೀಕು, ಜಾಗ, ಸಂಖ್ಯೆ, ರುಜುಗಳಿರುತ್ತವೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ಅಳುಕು ಇರುವುದುಂಟು: 'ಕಚೇರಿಯ ಭಾಷೆ ನಮ್ಮದಲ್ಲ, ಬರೆಯುವುದು ಹೇಗೆ?' ಭಾರತದ ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕುಂದುಕೊರತೆಯ ಮನವಿಯನ್ನು ಅಧಿಕಾರಿಗೆ ಕೊಡುವ ಹಕ್ಕು ಪ್ರತಿಯೊಬ್ಬನಿಗಿದೆ. ಕನ್ನಡದಲ್ಲಿ ಬರೆದ ಮನವಿ ಮನವಿಯೇ. ಇದು ಕಾಸರಗೋಡಿಗೆ ಹೇಗೋ ತಾಳವಾಡಿಗೂ ಜತ್ತಕ್ಕೂ ಮಡಕಶಿರಕ್ಕೂ ಹಾಗೆಯೇ.

ಮಾಡುವ ಕ್ರಮ

ಮೇಲಿನ ಮೂರು ಉದಾಹರಣೆಗಳಿಂದ ಮನೆಯಲ್ಲಿ ನಡೆಸಬಹುದಾದ ಕ್ರಮವೊಂದನ್ನು ತೆಗೆಯಬಹುದು.

1. ಕಷ್ಟವನ್ನು ಅಳೆಯಿರಿ. 'ಬಾವಿ ಬತ್ತಿತು' ಎನ್ನುವ ಬದಲು ಪ್ರತಿ ತಿಂಗಳ ಒಂದನೇ ತಾರೀಕು ಹಗ್ಗ ಇಳಿಸಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ಒಂದು ವರ್ಷದ ಹನ್ನೆರಡು ಗುರುತುಗಳು ನೂರು ಮಾತಿಗಿಂತ ಹೆಚ್ಚು ಹೇಳುತ್ತವೆ.

2. ಮೂರು ಪಾಲು ಮಾಡಿರಿ. ಒಂದು ಹಾಳೆಯಲ್ಲಿ ಮೂರು ಸಾಲು ಎಳೆದು ನನ್ನದು, ಹತ್ತು ಮನೆಗಳದು, ಸರಕಾರದ್ದು ಎಂದು ಬೇರೆ ಬೇರೆ ಬರೆಯಿರಿ. ಒಂದು ಸಾಲೇ ಪೂರ್ತಿ ಖಾಲಿಯಾಗಿ ಕಂಡರೆ ಇನ್ನೊಮ್ಮೆ ಯೋಚಿಸಿರಿ.

3. ನಿಮ್ಮ ಪಾಲಿನಲ್ಲಿ ಅತ್ಯಂತ ಸಣ್ಣ ಕೆಲಸವನ್ನು ಈ ವಾರವೇ ಮುಗಿಸಿರಿ. ಮಾಡಿನ ನೀರನ್ನು ಬಾವಿಯ ಬಳಿಯ ಗುಂಡಿಗೆ ತಿರುಗಿಸುವುದಾಗಲಿ, ಬುಡಕ್ಕೆ ಸೋಗೆ ಮುಚ್ಚುವುದಾಗಲಿ. ದೊಡ್ಡದರಿಂದ ಸುರು ಮಾಡಿ ಸೋತರೆ ಕೈಚೆಲ್ಲುವ ಅಭ್ಯಾಸವೇ ಬಲಿಯುತ್ತದೆ; ಸಣ್ಣದು ನೆಟ್ಟಗಾದರೆ ಮುಂದಿನದಕ್ಕೆ ಕೈ ತಾನಾಗಿ ಏಳುತ್ತದೆ.

4. ಹತ್ತು ಮನೆಗಳ ಕೆಲಸಕ್ಕೆ ಎಲ್ಲರನ್ನೂ ಕಾಯಬೇಡಿರಿ. ಮೂರು ಮನೆ ಒಪ್ಪಿದರೆ ಅಷ್ಟಕ್ಕೆ ತಕ್ಕ ಸಣ್ಣ ಕಟ್ಟ ಹಾಕಿರಿ. ಮುಂದಿನ ಬೇಸಗೆಯಲ್ಲಿ ಆ ಮೂರು ಬಾವಿಗಳೇ ಉಳಿದವರಿಗೆ ಉಪದೇಶ ಮಾಡುತ್ತವೆ.

5. ಸರಕಾರದ ಪಾಲನ್ನು ಬರಹದಲ್ಲಿ ಕೇಳಿರಿ. ತಾರೀಕು ಹಾಕಿ, ಪ್ರತಿ ಇಟ್ಟುಕೊಂಡು, ಸ್ವೀಕೃತಿ ಪಡೆಯಿರಿ. ಪಂಚಾಯತಿನ ಗ್ರಾಮಸಭೆಗೆ ಹೋಗಿರಿ; ಅಲ್ಲಿ ಆಡಿದ ಮಾತು ನಿರ್ಣಯವಾಗಿ ದಾಖಲಾಯಿತೇ ಎಂದು ನೋಡಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಏನಾಯಿತೆಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.

ಮನೆಯಲ್ಲಿ ಗೊಣಗುವ ಹಿರಿಯರಿದ್ದರೆ ಅವರ ಬಾಯಿ ಮುಚ್ಚಿಸಲು ಹೋಗಬೇಡಿರಿ. ಯಾವ ತೋಡು ಯಾವ ವರ್ಷ ಬತ್ತಿತು, ಎಲ್ಲಿ ಹಳೆಯ ಸುರಂಗದ ಬಾಯಿ ಮುಚ್ಚಿಹೋಗಿದೆ, ಯಾವ ಕಲ್ಲಿನ ಮೇಲೆ ಹಿಂದೆ ಕಟ್ಟ ನಿಲ್ಲುತ್ತಿತ್ತು ಎಂಬ ವಿವರಗಳೆಲ್ಲ ಆ ಗೊಣಗಾಟದೊಳಗೇ ಇರುತ್ತವೆ. ಕಾಗದ, ಸೀಸದ ಕಡ್ಡಿ ಹಿಡಿದು ಹತ್ತಿರ ಕುಳಿತು 'ಎಲ್ಲಿ? ಯಾವಾಗ? ಎಷ್ಟು?' ಎಂದು ಕೇಳಿರಿ. ಕೇಳುತ್ತ ಹೋದಂತೆ ಅವರೇ ಎದ್ದು ನಿಂತು ಜಾಗ ತೋರಿಸಲು ಗುಡ್ಡದ ಕಡೆಗೆ ಹೊರಡುವುದೂ ಉಂಟು.